ಅಶ್ವಗಂಧ ಮತ್ತು ಗರ್ಭಿಣಿಯರು: ಒಂದು ಸ್ಪಷ್ಟನೆ

ಅಶ್ವಗಂಧದ ಬೇರಿನ ಸಾರವನ್ನು ಇಲಿಗಳ ಮೇಲೆ ಪರೀಕ್ಷಿಸಿದಾಗ ಗರ್ಭಕ್ಕೆ ಹಾನಿ ಕಂಡಿಲ್ಲ, ಹೀಗಾಗಿ ಗರ್ಭಿಣಿಯರು ನಿಶ್ಚಿಂತೆಯಿಂದ ಸೇವಿಸಬಹುದು ಎಂಬ ಸಂದೇಶವೊಂದು ವಾಟ್ಸ್‌ಆ್ಯಪ್‌ನಲ್ಲಿ ಹರಿದಾಡುತ್ತಿದೆ. ಮೊದಲ ಮಾತು ನಿಜ. ಅದರಿಂದ ತೆಗೆದ ತೀರ್ಮಾನ ನಿಜವಲ್ಲ.

2015ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಗಬ್ಬದ ವಿಸ್ಟಾರ್ ಇಲಿಗಳಿಗೆ (ಪ್ರಯೋಗಾಲಯದಲ್ಲಿ ಬಳಸುವ ಒಂದು ತಳಿ) ದೇಹತೂಕದ ಪ್ರತಿ ಕಿಲೋಗೆ ದಿನಕ್ಕೆ 2000 ಮಿಲಿಗ್ರಾಂವರೆಗೂ ಸಾರ ಕುಡಿಸಿದ್ದರು. ತಾಯಿಯಲ್ಲಾಗಲಿ ಭ್ರೂಣದಲ್ಲಾಗಲಿ ದೋಷ ಕಾಣಲಿಲ್ಲ. ಇಂಥ ಪರೀಕ್ಷೆಯಲ್ಲಿ ಹೆರಿಗೆಗೆ ಮುನ್ನವೇ ಗರ್ಭಕೋಶವನ್ನು ತೆರೆದು, ಸತ್ತ ಹಾಗೂ ತಾಯಿಯ ದೇಹದಲ್ಲೇ ಹೀರಿಹೋದ ಭ್ರೂಣಗಳನ್ನು ಎಣಿಸಿ, ಉಳಿದವುಗಳ ಮೂಳೆಗೆ ಆಲಿಜರಿನ್ ಕೆಂಪು ಎಂಬ ಬಣ್ಣ ಹಿಡಿಸಿ, ಪಕ್ಕೆಲುಬು, ಬೆನ್ನೆಲುಬುಗಳನ್ನು ಒಂದೊಂದಾಗಿ ನೋಡುತ್ತಾರೆ. ಬೆಲೆಯುಳ್ಳ ಕೆಲಸವೇ ಸರಿ. ಆದರೆ ಹುಟ್ಟಿದ ಮರಿಗಳ ಬೆಳವಣಿಗೆ, ನಡವಳಿಕೆ, ಮುಂದಿನ ಸಂತಾನಶಕ್ತಿಗಳನ್ನು ಅದು ಅಳೆಯುವುದಿಲ್ಲ. ಪ್ರಾಣಿಯಿಂದ ಪ್ರಾಣಿಗೆ ಪರಿಣಾಮವೂ ಬದಲಾಗುತ್ತದೆ: ಹಿಂದೆ ಗರ್ಭಿಣಿಯರಿಗೆ ಕೊಡುತ್ತಿದ್ದ ಥಾಲಿಡೊಮೈಡ್ ಎಂಬ ಔಷಧಿ ಮಾನವ ಶಿಶುಗಳಲ್ಲಿ ಉಂಟುಮಾಡಿದಂಥ ಅಂಗವೈಕಲ್ಯ ಇಲಿಗಳಲ್ಲಿ ಕಾಣಲಿಲ್ಲ, ಮೊಲಗಳಲ್ಲಿ ಕಂಡಿತು. ಆದ್ದರಿಂದಲೇ ಹೊಸ ಔಷಧಿಗಳಿಗೆ ಸಾಮಾನ್ಯವಾಗಿ ಇಲಿಯ ಜೊತೆಗೆ ಮೊಲದ ಮೇಲಿನ ಪರೀಕ್ಷೆಯನ್ನೂ ಕೇಳುತ್ತಾರೆ.

ಮೇಲಾಗಿ, ಪರೀಕ್ಷೆಗೊಳಗಾದದ್ದು ಒಂದು ಬೇರಿನ ಸಾರವೇ ಹೊರತು ಅಂಗಡಿಯಲ್ಲಿ ಸಿಗುವ ಪ್ರತಿ ಚೂರ್ಣವಲ್ಲ; ಅಶ್ವಗಂಧದ ಎಲೆಯನ್ನು ಬಳಸದಂತೆ ಆಯುಷ್ ಸಚಿವಾಲಯವೇ 2021ರಲ್ಲಿ ತಯಾರಕರಿಗೆ ಸೂಚಿಸಬೇಕಾಯಿತು. ಗರ್ಭಪಾತದ ಆತಂಕವನ್ನೂ ಮುಂದಿಟ್ಟು ಡೆನ್ಮಾರ್ಕ್ 2023ರಲ್ಲಿ ಅಶ್ವಗಂಧವನ್ನು ನಿಷೇಧಿಸಿತು. ಗರ್ಭಿಣಿಯರು ವೈದ್ಯರನ್ನು ಕೇಳದೆ ಇದನ್ನು ಸೇವಿಸಬಾರದು.