ಸತ್ಯಾಂಶ: ಇನ್ಹೇಲರ್ ಚಟ ಹಿಡಿಸುತ್ತದೆಯೇ?

ಮಳೆಗಾಲ ಶುರುವಾದರೆ ಸಾಕು, ಶಿರಸಿಯ ನಮ್ಮ ನೆಂಟರ ವಾಟ್ಸಾಪ್ ಗುಂಪಿಗೆ ಈ ಮೆಸೇಜ್ ಬಂದೇ ಬರುತ್ತದೆ: 'ಇನ್ಹೇಲರ್ ಒಮ್ಮೆ ಹಿಡಿದರೆ ಬಿಡಲಾಗದ ಚಟ. ಮಾತ್ರೆಯೇ ವಾಸಿ.'

ಇದು ಸುಳ್ಳು. ಉಬ್ಬಸಕ್ಕೆ ಶ್ವಾಸನಾಳ ಸಡಿಲಿಸುವ ಔಷಧ ಸಾಲ್ಬ್ಯುಟಮಾಲ್. ಅದರ ಮಾತ್ರೆ ಒಂದರಲ್ಲಿ 4 ಮಿಲಿಗ್ರಾಂ ಔಷಧ ಇದ್ದರೆ, ಇನ್ಹೇಲರ್ ಒಮ್ಮೆ ಒತ್ತಿದಾಗ ಬರುವ ಒಂದು ಪಫ್‌ನಲ್ಲಿ ಇರುವುದು 100 ಮೈಕ್ರೋಗ್ರಾಂ. ಅಂದರೆ ನಲವತ್ತರಲ್ಲಿ ಒಂದು ಪಾಲು! ಮಾತ್ರೆ ಮೈಯೆಲ್ಲ ಸುತ್ತುತ್ತದೆ, ಕೆಲವರಿಗೆ ಕೈ ನಡುಗುತ್ತದೆ. ಪಫ್ ನೇರ ಶ್ವಾಸನಾಳಕ್ಕೇ ಹೋಗುತ್ತದೆ.

ಮತ್ತೆ 'ಎಷ್ಟು ಹೊಡೆದರೂ ಗುಣ ಇಲ್ಲ' ಅನ್ನುವುದು ಏಕೆ? ನಮ್ಮ ಚಿಕ್ಕಮ್ಮ ಮೊದಲು ಒತ್ತುತ್ತಿದ್ದರು, ಆಮೇಲೆ ಉಸಿರು ಎಳೆಯುತ್ತಿದ್ದರು. ಬಿಳಿ ಹೊಗೆ ಬಾಯಿಂದಲೇ ವಾಪಸ್. ಔಷಧ ನಾಲಿಗೆಗೆ, ಎದೆಗಲ್ಲ.

ಪಫ್ ಇನ್ಹೇಲರಿಗೆ ನಿಧಾನದ ಉಸಿರು ಬೇಕು. ಎಳೆಯಲು ಶುರು ಮಾಡುತ್ತಲೇ ಒತ್ತಿ, ನಾಲ್ಕೈದು ಸೆಕೆಂಡ್ ಎಳೆದು, 10 ಸೆಕೆಂಡ್ ತಡೆಹಿಡಿಯಬೇಕು. ಪುಡಿಯ ಇನ್ಹೇಲರ್ ಇದಕ್ಕೆ ಉಲ್ಟಾ: ಜೋರಾಗಿ ಎಳೆಯಬೇಕು. ನಿಮ್ಮ ಎಳೆತದ ವೇಗವನ್ನು ನಿಮಿಷಕ್ಕೆ ಇಷ್ಟು ಲೀಟರ್ ಎಂದು ತೋರಿಸುವ ಪುಟ್ಟ ಮೀಟರ್‌ಗಳಿವೆ. ಪಫ್‌ಗೆ ಸುಮಾರು 30 ಲೀಟರ್ ಇದ್ದರೆ ಚೆನ್ನ. ಕೈ-ಉಸಿರು ಹೊಂದದಿದ್ದರೆ ಸ್ಪೇಸರ್ (ಇನ್ಹೇಲರಿಗೆ ಸಿಕ್ಕಿಸುವ ಟೊಳ್ಳು ಕೊಳವೆ) ಹಾಕಿಕೊಳ್ಳಬಹುದು, ಅದರಲ್ಲಿ ನಾಚಿಕೆ ಏನಿದೆ?

ಪದೇಪದೇ ಪಫ್ ಬೇಕಾಗುತ್ತಿದ್ದರೆ ಅದು ಚಟವಲ್ಲ, ಉಬ್ಬಸ ಹತೋಟಿಯಲ್ಲಿಲ್ಲ ಎಂದರ್ಥ. ಡಾಕ್ಟರಿಗೆ ತೋರಿಸಿ, ಸುಮ್ನೆ ನಿಲ್ಲಿಸಬೇಡಿ.

ಹಾಂ, ಕಾರವಾರದ ಕಡೆಯ ತೇವಕ್ಕೆ ಪುಡಿ ಬೇಗ ಗಂಟುಕಟ್ಟುತ್ತದೆ. ಪುಡಿ ತುಂಬಿದ ಕ್ಯಾಪ್ಸೂಲನ್ನು ಬಳಸುವ ಹೊತ್ತಿಗೇ ಹೊರತೆಗೆಯಿರಿ. ಉಪಕರಣದೊಳಗೆ ಊದಲೇಬೇಡಿ.