ಎರಡೇ ಡಿಗ್ರಿ, ಏನಾಗತ್ತೆ?

ಎಸಿ ರಿಮೋಟ್ ಕಂಡರೆ ಕೈ ತುರಿಸುವವರು ಪ್ರತಿ ಆಪ್ಟಿಕ್ಸ್ ಲ್ಯಾಬಿನಲ್ಲೂ ಒಬ್ಬರಿರುತ್ತಾರೆ. ಒಳಗೆ ಬಂದವರೇ ‘ಉಸ್ಸಪ್ಪಾ’ ಎಂದು ಕುತ್ತಿಗೆ ಒರೆಸಿಕೊಂಡು, 24 ಇದ್ದದ್ದನ್ನು 22 ಮಾಡಿ, ಕುರ್ಚಿ ಎಳೆದು ಕೂತು ಮೊಬೈಲ್ ತೆಗೆಯುತ್ತಾರೆ. ಇವತ್ತು ಬೆಳಿಗ್ಗೆಯೂ ಅದೇ. ಕೇಳಿದರೆ ಉತ್ತರ ರೆಡಿ: “ಎರಡೇ ಡಿಗ್ರಿ ಸಾರ್, ಏನಾಗತ್ತೆ?”

ಏನಾಗತ್ತೆ ಎಂಬುದಕ್ಕೆ ಲೆಕ್ಕವಿದೆ. ಸಿಲಿಕಾನ್ ಒಂದು ಡಿಗ್ರಿ ಬಿಸಿಯಾದರೆ ಅದರ ವಕ್ರೀಭವನ ಸೂಚ್ಯಂಕ ಸುಮಾರು 0.00018 ಏರುತ್ತದೆ. ಅದರ ಬೆನ್ನಿಗೇ ಫೋಟಾನಿಕ್ ಕ್ರಿಸ್ಟಲ್ ಕ್ಯಾವಿಟಿಯ (ಚಿಪ್ಪಿನಲ್ಲಿ ಬೆಳಕು ಸೆರೆಹಿಡಿಯುವ ಪುಟ್ಟ ಜಾಗ) ರೆಸೊನೆನ್ಸ್, ಅಂದರೆ ಅದು ಹಿಡಿಯುವ ತರಂಗಾಂತರ, 70–80 ಪಿಕೋಮೀಟರ್ ಜರುಗುತ್ತದೆ. 1550 ನ್ಯಾನೋಮೀಟರಿನಲ್ಲಿ ಕ್ಯೂ, ಅಂದರೆ ಬೆಳಕನ್ನು ಹಿಡಿದಿಡುವ ತಾಕತ್ತು, ಹತ್ತು ಲಕ್ಷ ಇದ್ದರೆ, ಆ ರೆಸೊನೆನ್ಸಿನ ಅಗಲವೇ ಒಂದೂವರೆ ಪಿಕೋಮೀಟರ್. ಡಿಗ್ರಿಯ ಐವತ್ತನೇ ಒಂದು ಭಾಗ ಹೆಚ್ಚುಕಮ್ಮಿಯಾದರೆ ಸಾಕು, ಡಿಪ್ (ಗ್ರಾಫಿನಲ್ಲಿ ರೆಸೊನೆನ್ಸ್ ಮೂಡಿಸುವ ಕುಳಿ) ಪಕ್ಕದ ಮನೆಗೆ ಹೋಗಿ ಕೂತಿರುತ್ತದೆ. ಎರಡು ಡಿಗ್ರಿ ಎಂದರೆ ನೂರು ಮನೆ ಆಚೆ. ಅಷ್ಟೊತ್ತಿಗೆ ಬಡಾವಣೆಯೇ ಬೇರೆ.

ಚಿಪ್ಪಿನ ಕೆಳಗೆ ಅದರ ಉಷ್ಣತೆ ಕಾಯುವ ಟಿಇಸಿ ಇದೆಯಲ್ಲ ಎನ್ನುತ್ತಾರೆ ಸ್ವಲ್ಪ ಓದಿಕೊಂಡವರು. ಇದೆ. ಅದು ಚಿಪ್ಪನ್ನು ಮಾತ್ರ ಕಾಯುತ್ತದೆ, ಅದೂ ಪೂರ್ತಿಯಲ್ಲ. ಚಿಪ್ಪಿಗೆ ಬೆಳಕು ಊಡಿಸುವ ಲೆನ್ಸ್ಡ್ ಫೈಬರ್ ಹೊತ್ತು ನಿಂತ ಹತ್ತು ಸೆಂಟಿಮೀಟರಿನ ಅಲ್ಯೂಮಿನಿಯಂ ಪೋಸ್ಟನ್ನು ಯಾರು ಕಾಯಬೇಕು? ಅದು ಡಿಗ್ರಿಗೆ 2.3 ಮೈಕ್ರಾನ್ ಕುಗ್ಗುತ್ತದೆ. ಫೈಬರಿನ ತುದಿಯಿಂದ ಬರುವ ಬೆಳಕಿನ ಚುಕ್ಕೆಯ ಅಗಲ ಎರಡೂವರೆ-ಮೂರು ಮೈಕ್ರಾನ್. ಬೆಳಗಿನಿಂದ ಉಸಿರು ಬಿಗಿಹಿಡಿದು ಮಾಡಿದ ಅಲೈನ್‌ಮೆಂಟು ಒಬ್ಬರ ಬೆವರಿಗೆ ಆಹುತಿ.

ಈ ಕ್ಯಾವಿಟಿಯೇ ಒಂದು ತಮಾಷೆ. ಹಲ್ಲಿನ ಡಾಕ್ಟರಿಗೆ ಕ್ಯಾವಿಟಿ ಎಂದರೆ ತೂತು. ಇಲ್ಲಿ ಕ್ಯಾವಿಟಿ ಎಂದರೆ ತೂತು ಕೊರೆಯದೆ ಬಿಟ್ಟ ಜಾಗ. ತೆಳು ಸಿಲಿಕಾನ್ ಹಾಳೆಯಲ್ಲಿ ಸಾಲು ಸಾಲು ತೂತು ಹೊಡೆದು, ನಡುವೆ ಮೂರು ತೂತಿನಷ್ಟು ಜಾಗ ಮರೆತವರ ಹಾಗೆ ಬಿಟ್ಟರೆ, ಸರಿಯಾದ ತರಂಗಾಂತರದ ಬೆಳಕಿಗೆ ಸುತ್ತಲೂ ದಾರಿ ಬಂದ್. ಅದು ಆ ಮೂರು ತೂತಿನ ಜಾಗದಲ್ಲೇ ಸಿಕ್ಕಿಹಾಕಿಕೊಳ್ಳುತ್ತದೆ. ಎಷ್ಟು ಹೊತ್ತು ಸಿಕ್ಕಿಕೊಂಡಿರುತ್ತದೆ ಎಂಬುದರ ಅಳತೆಯೇ ಕ್ಯೂ. ಆ ಕ್ಯೂ ಏರಬೇಕಾದರೆ ಎಲೆಕ್ಟ್ರಾನ್ ಕಿರಣದಿಂದ ತೂತಿನ ನಕ್ಷೆ ಬರೆಯುವ ಇ-ಬೀಮ್ ಯಂತ್ರದ ಸ್ಲಾಟಿನ ಕ್ಯೂನಲ್ಲಿ ನಿಲ್ಲಬೇಕು. ಅದರ ಅಳತೆ ವಾರಗಳಲ್ಲಿ.

ಸ್ಲಾಟು ಸಿಕ್ಕ ಮೇಲಿನ ಕೆಲಸ ಅಡುಗೆಯಂತೆ. 220 ನ್ಯಾನೋಮೀಟರ್ ಸಿಲಿಕಾನ್, ಅದರಡಿ ಎರಡೋ ಮೂರೋ ಮೈಕ್ರಾನ್ ಆಕ್ಸೈಡ್ ಇರುವ ಎಸ್‌ಒಐ ವೇಫರ್. ಮೇಲೆ ರೆಸಿಸ್ಟ್ ಎಂಬ ಲೇಪ ಹರಡಿ, 180 ಡಿಗ್ರಿಯಲ್ಲಿ ಬೇಯಿಸಿ, ಇ-ಬೀಮಿನಲ್ಲಿ ತೂತು ಬರೆದು, ಡೆವಲಪ್ ಮಾಡಿ, ಪ್ಲಾಸ್ಮಾದಲ್ಲಿ ಕೊರೆಯುವುದು. ತೂತಿನ ತ್ರಿಜ್ಯ ಒಂದು ನ್ಯಾನೋಮೀಟರ್ ತಪ್ಪಿದರೆ ರೆಸೊನೆನ್ಸ್ ಕೆಲವು ನ್ಯಾನೋಮೀಟರ್ ಓಡಿಹೋಗುತ್ತದೆ. ಅದಕ್ಕೇ ಅನುಭವಸ್ಥರು ಒಂದೇ ಡಿಸೈನನ್ನು ಕಿರಣದ ಡೋಸ್ ಸ್ವಲ್ಪ ಸ್ವಲ್ಪ ಏರಿಸುತ್ತ ಹತ್ತಿಪ್ಪತ್ತು ಸಲ ಬರೆದಿಡುತ್ತಾರೆ, ಯಾವುದಾದರೊಂದು ಕೈಹಿಡಿದೀತು. ಕೊನೆಗೆ ಹಾಳೆಯ ಅಡಿಯ ಆಕ್ಸೈಡನ್ನು ಬಫರ್ಡ್ ಎಚ್‌ಎಫ್‌ನಲ್ಲಿ ಅರ್ಧ ಗಂಟೆಯ ಆಸುಪಾಸು ಕರಗಿಸಬೇಕು, ಆ ಆಮ್ಲ ಸುಟ್ಟರೆ ಹಚ್ಚುವ ಕ್ಯಾಲ್ಸಿಯಂ ಗ್ಲುಕೊನೇಟ್ ಜೆಲ್ ಕೈಗೆಟುಕುವಲ್ಲಿ ಇಟ್ಟುಕೊಂಡು. ಆಮೇಲೆ ನೀರಿನಿಂದ ತೆಗೆದು ಹಾಗೇ ಒಣಗಿಸಿದಿರೋ, ಮೇಲ್ಮೈ ಸೆಳೆತಕ್ಕೆ ಹಾಳೆ ಬಗ್ಗಿ ಕೆಳಗಿನ ಸಿಲಿಕಾನಿಗೆ ಅಂಟುತ್ತದೆ, ಕಾವಲಿಗೆ ಕಚ್ಚಿದ ದೋಸೆಯಂತೆ. ಸೌಟು ಹಾಕಿ ಎಬ್ಬಿಸುವ ಹಾಗೂ ಇಲ್ಲ. ನೀರಿನ ಬದಲು ಐಪಿಎ ಎಂಬ ಆಲ್ಕೊಹಾಲಿಗೆ ಬದಲಾಯಿಸಿ ಒಣಗಿಸಿ, ಇಲ್ಲವೇ ಮೇಲ್ಮೈ ಸೆಳೆತವೇ ಇಲ್ಲದಂತೆ ಒಣಗಿಸುವ ಕ್ರಿಟಿಕಲ್ ಪಾಯಿಂಟ್ ಡ್ರೈಯರ್ ಬಳಸಿ.

ಇಷ್ಟು ನಾಜೂಕು ಕಲಿಸಿದವರು ಜಪಾನಿನವರು. 2003ರಲ್ಲಿ ಕ್ಯೋಟೋದ ನೋಡಾ ಅವರ ತಂಡ ಮೂರು ತೂತು ಬಿಟ್ಟ ಕ್ಯಾವಿಟಿಯ ಎರಡು ತುದಿಯ ತೂತುಗಳನ್ನು ಒಂದಿಷ್ಟು ಆಚೆ ಸರಿಸಿತು. ತೂತಿನಿಂದ ತೂತಿಗೆ 420 ನ್ಯಾನೋಮೀಟರ್ ದೂರ, ಸರಿಸಿದ್ದು ಅದರ ಶೇ. 15, ಅಂದರೆ 63 ನ್ಯಾನೋಮೀಟರ್. ಅಷ್ಟಕ್ಕೇ ಕ್ಯೂ 45,000. ಗೋಡೆ ಇದ್ದಕ್ಕಿದ್ದಂತೆ ಎದುರಾದರೆ ಬೆಳಕು ಬೆದರಿ ಮೇಲಕ್ಕೆ ಚಿಮ್ಮಿ ತಪ್ಪಿಸಿಕೊಳ್ಳುತ್ತದೆ. ಅಂಚು ಮೆತ್ತಗಿದ್ದರೆ ಒಳಗೇ ಉಳಿಯುತ್ತದೆ. ಮಗು ಮಲಗಿಸಿ ಬಾಗಿಲು ಮುಂದೆ ಮಾಡಿ ಬರುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. 2017ರ ಹೊತ್ತಿಗೆ ಅಲ್ಲಿಯ ಕ್ಯೂ ಒಂದು ಕೋಟಿ ಹತ್ತು ಲಕ್ಷ ಮುಟ್ಟಿತ್ತು. ಅಲ್ಲಿಯ ಎಸಿ ರಿಮೋಟ್ ಯಾರ ಹತ್ತಿರ ಇರುತ್ತದೋ, ಅವರಿಗೆ ದೂರದಿಂದಲೇ ಒಂದು ನಮಸ್ಕಾರ.

ನಮ್ಮ ರಿಮೋಟಿನ ಕಥೆ ಬೇರೆ. ಮೊದಲು ಅದರ ಮೇಲೆ ‘ಮುಟ್ಟಬೇಡಿ’ ಎಂದು ಚೀಟಿ ಅಂಟಿಸಲಾಗುತ್ತದೆ. ಚೀಟಿಯ ಮೇಲೆಯೇ ಹೆಬ್ಬೆರಳು ಒತ್ತಲಾಗುತ್ತದೆ. ಆಮೇಲೆ ರಿಮೋಟನ್ನು ಡ್ರಾಯರಿನಲ್ಲಿ ಇಡಲಾಗುತ್ತದೆ; ಎರಡೇ ದಿನಕ್ಕೆ ಆ ಡ್ರಾಯರಿನಲ್ಲಿ ಸ್ಕ್ರೂಡ್ರೈವರ್ ಹುಡುಕುವ ಕೆಲಸ ಅವರಿಗೇ ಬೀಳುತ್ತದೆ. ಬ್ಯಾಟರಿ ಕಿತ್ತಿಟ್ಟರೆ ಗೋಡೆ ಗಡಿಯಾರ ನಿಲ್ಲುತ್ತದೆ, ಅದರ ಬ್ಯಾಟರಿ ರಿಮೋಟಿಗೆ ಬಂದಿರುತ್ತದೆ. ಗಡಿಯಾರ ನಿಂತದ್ದನ್ನು ಕಂಡು “ಯಾರೂ ಏನೂ ನೋಡಿಕೊಳ್ಳಲ್ಲ ಈ ಲ್ಯಾಬಲ್ಲಿ” ಎಂದು ಬೇಜಾರು ಮಾಡಿಕೊಳ್ಳುವವರೂ ಅವರೇ. ಕೊನೆಯ ಉಪಾಯವಾಗಿ ಗ್ರಾಫ್ ತೋರಿಸಿ ವಿವರಿಸಿದರೆ, ಪೂರ್ತಿ ಕೇಳಿಸಿಕೊಂಡು, ತಲೆಯಾಡಿಸಿ, “ಹಾಗಾದ್ರೆ 23 ಇಡೋಣ್ವಾ?” ಎನ್ನುತ್ತಾರೆ.

ಹೀಗೆ ಕಳೆದುಹೋದ ಡಿಪ್ ಹುಡುಕುವಾಗ ಹೊಸಬರು ಇನ್ನೊಂದು ತಪ್ಪು ಮಾಡುತ್ತಾರೆ: ಲೇಸರ್ ಪವರ್ ಏರಿಸುವುದು. ಇಷ್ಟು ಚಿಕ್ಕ ಜಾಗದಲ್ಲಿ ಬೆಳಕು ಕಿಕ್ಕಿರಿದರೆ ಸಿಲಿಕಾನ್ ಎರಡೆರಡು ಫೋಟಾನುಗಳನ್ನು ಒಟ್ಟಿಗೆ ನುಂಗಿ ತಾನೇ ಬಿಸಿಯಾಗುತ್ತದೆ. ಸ್ಕ್ಯಾನ್ ಬಲಕ್ಕೆ, ಅಂದರೆ ಉದ್ದ ತರಂಗಾಂತರದತ್ತ, ಹೋದಂತೆ ರೆಸೊನೆನ್ಸೂ ಬಲಕ್ಕೆ ಓಡುತ್ತ ಕೊನೆಗೆ ಧೊಪ್ಪೆಂದು ಬೀಳುತ್ತದೆ. ಪರದೆಯ ಮೇಲೆ ಗರಗಸದ ಹಲ್ಲು. ಅದರಿಂದ ಕ್ಯೂ ಲೆಕ್ಕ ಹಾಕಬೇಡಿ; ಆಕಾರ ಬದಲಾಗುವುದು ನಿಲ್ಲುವ ತನಕ ಪವರ್ ಇಳಿಸಿ.

ಕ್ಯಾವಿಟಿಯನ್ನು ಬೈಯುವಂತೆಯೂ ಇಲ್ಲ, ಯಾಕೆಂದರೆ ಇದರ ಉಪಯೋಗವೆಲ್ಲ ಇರುವುದೇ ಈ ತಂಟೆಯಲ್ಲಿ. ತೂತಿನ ಹತ್ತಿರ ಯಾವುದೋ ಅಣು ಬಂದು ಕೂತರೆ ರೆಸೊನೆನ್ಸ್ ಜರುಗಿ ಚಾಡಿ ಹೇಳುತ್ತದೆ, ಅದು ಸೆನ್ಸರ್. 2013ರಲ್ಲಿ ಇಂಥ ಕ್ಯಾವಿಟಿಯಿಂದಲೇ ಸಿಲಿಕಾನ್ ರಾಮನ್ ಲೇಸರ್ ಮಾಡಿದರು, ಹೊತ್ತಿಕೊಳ್ಳಲು ಬೇಕಾದದ್ದು ಸುಮಾರು ಒಂದು ಮೈಕ್ರೋವ್ಯಾಟ್. ಬೆಂಗಳೂರಿಗೆ ಬರುವುದಕ್ಕೆ ಮೊದಲು ಕಲ್ಕತ್ತೆಯಲ್ಲಿ ಬಿಸಿಲನ್ನೇ ದೀಪ ಮಾಡಿಕೊಂಡು ಬೆಳಕಿನ ಚದುರುವಿಕೆಯ ಕೆಲಸಕ್ಕೆ ಕೈಹಾಕಿದ್ದ ರಾಮನ್ನರ ಹೆಸರು, ಧೂಳಿನ ಕಣಕ್ಕಿಂತ ದೊಡ್ಡದಲ್ಲದ ಲೇಸರಿನ ಮೇಲೆ.

ರಾತ್ರಿ ಹನ್ನೊಂದರ ಮೇಲೆ, ಎಲ್ಲರೂ ಹೋದ ಮೇಲೆ, ಡಿಪ್ ಗೂಟ ಹೊಡೆದಂತೆ ನಿಲ್ಲುತ್ತದೆ. ಕ್ಯೋಟೋದ ಆ ಕ್ಯಾವಿಟಿಯಲ್ಲಿ ಬೆಳಕು ಇರುವುದು ಒಂಬತ್ತು ನ್ಯಾನೋಸೆಕೆಂಡು, ಬಯಲಲ್ಲಾದರೆ 2.7 ಮೀಟರ್ ಹೋಗಿಬಿಡುವಷ್ಟು ಹೊತ್ತು. ಇಲ್ಲಿಯದು ಅದರ ಹತ್ತನೇ ಒಂದು ಪಾಲೂ ಇಲ್ಲ. ಆದರೂ ಆ ಹೊತ್ತಿನಲ್ಲಿ ಪರದೆ ನೋಡುತ್ತ ಕೂತರೆ ಎದ್ದು ಮನೆಗೆ ಹೋಗಲು ಮನಸ್ಸಾಗುವುದಿಲ್ಲ.

ಬೆಳಿಗ್ಗೆ ಒಂಬತ್ತೂಕಾಲಿಗೆ ಡಿಪ್ ಎಡಕ್ಕೆ ಜಾರತೊಡಗುತ್ತದೆ. ಎಡಕ್ಕೆ ಎಂದರೆ ತಣ್ಣಗಾಗುತ್ತಿದೆ. ಯಾರು ಬಂದರೆಂದು ತಿರುಗಿ ನೋಡಬೇಕಾಗಿಯೂ ಇಲ್ಲ.