ನಾಳೆಯಿಂದ ಎಣ್ಣೆ ಬಿಡ್ತೀವಿ

ಅಮೆರಿಕ ಎಣ್ಣೆ ಬಿಡಲು ಮೊದಲ ಮುಹೂರ್ತ ಇಟ್ಟದ್ದು 1973ರ ನವೆಂಬರ್‌ನಲ್ಲಿ. ಅರಬ್ ದೇಶಗಳು ತೈಲ ಕೊಡುವುದಿಲ್ಲ ಎಂದು ಕೂತಿದ್ದವು. ಅಧ್ಯಕ್ಷ ನಿಕ್ಸನ್ ಟಿವಿಯಲ್ಲಿ ಬಂದು, 1980 ಮುಗಿಯುವುದರೊಳಗೆ ಇಂಧನಕ್ಕಾಗಿ ಯಾರ ಮುಂದೆಯೂ ಕೈಯೊಡ್ಡದ ದೇಶವಾಗುತ್ತೇವೆ ಎಂದರು. ಮರುವರ್ಷ ಅವರೇ ಮನೆಗೆ ಹೋದರು. ಆಮೇಲೆ ಬಂದ ಫೋರ್ಡ್ ಮುಹೂರ್ತವನ್ನು 1985ಕ್ಕೆ ಮುಂದೂಡಿದರು. ಕಾರ್ಟರ್ ಇನ್ನೂ ಶ್ರದ್ಧಾವಂತರು. 1979ರಲ್ಲಿ ಶ್ವೇತಭವನದ ಚಾವಣಿ ಮೇಲೆ 32 ಸೌರ ಫಲಕ ಕೂರಿಸಿದರು. 1977ರಲ್ಲಿ ಬಳಸಿದ್ದಕ್ಕಿಂತ ಹೆಚ್ಚು ವಿದೇಶಿ ತೈಲವನ್ನು ಈ ದೇಶ ಇನ್ನೆಂದೂ ಬಳಸುವುದಿಲ್ಲ ಎಂದು ಆಣೆಯನ್ನೂ ಮಾಡಿದರು. ರೇಗನ್ ಕಾಲದಲ್ಲಿ ಚಾವಣಿ ರಿಪೇರಿಗೆಂದು ಇಳಿಸಿದ ಫಲಕಗಳು ಮತ್ತೆ ಮೇಲೇರಲಿಲ್ಲ. ತೊಂಬತ್ತರ ದಶಕದಲ್ಲಿ ಆಮದು ಆಣೆಯ ಗೆರೆಯನ್ನೂ ದಾಟಿತು. ಕೊನೆಗೆ 2006ರಲ್ಲಿ, ಟೆಕ್ಸಸ್‌ನಲ್ಲಿ ತೈಲದ ವ್ಯಾಪಾರ ಮಾಡಿ ಬಂದಿದ್ದ ಜಾರ್ಜ್ ಬುಷ್ ಅವರೇ ಸಂಸತ್ತಿನ ಮುಂದೆ ನಿಂತು ಅಮೆರಿಕಕ್ಕೆ ತೈಲದ ಚಟ ಹತ್ತಿದೆ ಎಂದರು. ಸಭಿಕರು ಭಾಷಣ ಕೇಳಿ, ಆಚೆ ಬಂದು, ಕಾರು ಹತ್ತಿದರು.

ಏನೂ ಮಾಡಲಿಲ್ಲ ಎಂದರೆ ತಪ್ಪಾಗುತ್ತದೆ. 1975ರಲ್ಲಿ ಒಂದು ಒಳ್ಳೆಯ ಕಾನೂನನ್ನೇ ಮಾಡಿದರು: ಒಂದು ಗ್ಯಾಲನ್ ಪೆಟ್ರೋಲಿಗೆ ಕಾರುಗಳು ಸರಾಸರಿ ಇಷ್ಟು ಮೈಲಿ ಓಡಲೇಬೇಕು. ಆದರೆ ಪಾಪ, ರೈತರು, ಗಾರೆ ಕೆಲಸದವರು ಸಾಮಾನು ಹೇರುವ ಸಣ್ಣ ಟ್ರಕ್ಕುಗಳ ಮೇಲೆ ಅಷ್ಟು ಬಿಗಿ ಬೇಡ ಎಂದು ಅವುಗಳಿಗೆ ಸಡಿಲವಾದ ಅಳತೆ ಇಟ್ಟರು. ಮುಂದಿನದನ್ನು ಊಹಿಸಲು ಎಂಜಿನಿಯರಿಂಗ್ ಪದವಿ ಬೇಕಿಲ್ಲ. ಕಾರುಗಳೆಲ್ಲ ಒಂದೊಂದಾಗಿ ಟ್ರಕ್ ಜಾತಿಗೆ ಮತಾಂತರವಾದವು. ಮಕ್ಕಳನ್ನು ಶಾಲೆಗೆ ಬಿಡುವ ಎಸ್‌ಯುವಿ ಕಾಗದದ ಮೇಲೆ ಟ್ರಕ್. ಕ್ರೈಸ್ಲರ್ ಕಂಪನಿಯ ಪಿಟಿ ಕ್ರೂಸರ್ ಎಂಬ ಪುಟಾಣಿ ಕಾರಿನ ಹಿಂದಿನ ಸೀಟು ಕಿತ್ತರೆ ನೆಲ ಸಮತಟ್ಟಾಗುತ್ತದಾದ್ದರಿಂದ ಅದೂ ಟ್ರಕ್. ತೆರಿಗೆ ಇಲಾಖೆಯದು ಇನ್ನೊಂದು ಕೊಡುಗೆ: ಲೋಡೂ ಸೇರಿ 6,000 ಪೌಂಡ್ ಮೀರುವ ಗಾಡಿಯನ್ನು ವ್ಯವಹಾರಕ್ಕೆಂದು ಕೊಂಡರೆ ಹೆಚ್ಚಿನ ವಿನಾಯಿತಿ. ಹೊಲದ ಮುಖ ನೋಡದ ವಕೀಲರಿಗೂ ದಂತವೈದ್ಯರಿಗೂ ಒಮ್ಮೆಗೇ ಕೃಷಿ ಗಾತ್ರದ ವಾಹನಗಳ ಅಗತ್ಯ ಕಂಡುಬಂತು. ಈಗ ಅಲ್ಲಿ ಮಾರಾಟವಾಗುವ ಹೊಸ ಗಾಡಿಗಳಲ್ಲಿ ಸುಮಾರು ಮುಕ್ಕಾಲು ಪಾಲು ಇದೇ ಜಾತಿಯವು. ಎಣ್ಣೆ ಉಳಿಸಲು ಮಾಡಿದ ಕಾನೂನು ಗಾಡಿಗಳನ್ನು ಇಷ್ಟು ದಷ್ಟಪುಷ್ಟವಾಗಿ ಬೆಳೆಸಿದೆ.

ಅಷ್ಟರಲ್ಲಿ ಶೇಲ್ ಬಂಡೆಯನ್ನು ಸೀಳಿ ತೈಲ ತೆಗೆಯುವ ವಿದ್ಯೆ ಕೈಗೆ ಬಂತು. 2020ರಲ್ಲಿ ಅಮೆರಿಕದ ಪೆಟ್ರೋಲಿಯಂ ರಫ್ತು ಆಮದನ್ನು ಮೀರಿತು. ನಿಕ್ಸನ್ ಕನಸು ನನಸಾಯಿತು, 40 ವರ್ಷ ತಡವಾಗಿ. ಎಣ್ಣೆ ಬಿಡುವ ಬದಲು ಸ್ವಂತ ಬಾವಿ ತೋಡಿಕೊಂಡು. ಇನ್ನು ಯಾರ ಹಂಗೂ ಇಲ್ಲ ಎನ್ನುವಷ್ಟರಲ್ಲಿ 2022ರಲ್ಲಿ ರಷ್ಯಾ ಉಕ್ರೇನ್ ಮೇಲೆ ನುಗ್ಗಿತು, ಸ್ವಾವಲಂಬಿ ಅಮೆರಿಕದ ಬಂಕುಗಳಲ್ಲೂ ದರ ಹಾರಿತು. ಬೆಲೆ ಜಾಗತಿಕ ಮಾರುಕಟ್ಟೆಯಲ್ಲಿ ಕುದುರುವುದರಿಂದ ಬಾವಿ ಯಾರ ಹಿತ್ತಲಿನಲ್ಲಿದ್ದರೂ ಒಂದೇ. ಹವಾಮಾನ ಉಳಿಸುವ ವಾಗ್ದಾನ ಮಾಡಿ ಗೆದ್ದಿದ್ದ ಬೈಡನ್ ತುರ್ತು ಸಂಗ್ರಹದಿಂದ 18 ಕೋಟಿ ಬ್ಯಾರೆಲ್ ಹೊರಬಿಡಲು ಹೇಳಿದರು. 1993ರಿಂದ ಗ್ಯಾಲನ್‌ಗೆ 18.4 ಸೆಂಟ್‌ನಲ್ಲೇ ನಿಂತಿರುವ ಕೇಂದ್ರ ತೆರಿಗೆಯನ್ನೂ 3 ತಿಂಗಳು ಬಿಟ್ಟುಬಿಡಿ ಎಂದು ಸಂಸತ್ತನ್ನು ಕೇಳಿದರು.

ಜರ್ಮನಿಯದು ಇನ್ನೂ ಸಮದರ್ಶಿ ನೋಟ. ಅದೇ ವರ್ಷ ಜೂನ್‌ನಿಂದ ಆಗಸ್ಟ್‌ವರೆಗೆ ಪೆಟ್ರೋಲ್ ತೆರಿಗೆ ಇಳಿಸಿತು, ಅವೇ 3 ತಿಂಗಳು 9 ಯೂರೊಗೆ ತಿಂಗಳಿಡೀ ಓಡಾಡುವ ರೈಲು-ಬಸ್ ಟಿಕೆಟ್ಟನ್ನೂ ಕೊಟ್ಟಿತು. ಕಾರಿನಲ್ಲಿ ಹೋಗುವವರೂ ಬೇಸರಪಡಬಾರದು, ಕಾರು ಬಿಡುವವರೂ ಬೇಸರಪಡಬಾರದು.

ನಮ್ಮ ದೇಶ ಹಿಂದೆ ಬೀಳುವುದುಂಟೆ? 2015ರ ಮಾರ್ಚ್‌ನಲ್ಲಿ ದೆಹಲಿಯ ಇಂಧನ ಸಮ್ಮೇಳನದಲ್ಲಿ ಪ್ರಧಾನಿ ಮೋದಿ ಗುರಿ ಕೊಟ್ಟರು: ಆಗ ಶೇ 77ರಷ್ಟಿದ್ದ ತೈಲ ಆಮದಿನ ಅವಲಂಬನೆಯನ್ನು 2022ರೊಳಗೆ ಶೇ 10ರಷ್ಟು ತಗ್ಗಿಸಬೇಕು. 2022-23ರಲ್ಲಿ ಅದು ಸುಮಾರು ಶೇ 87. ಅಂಕಿ ಕರಾರುವಾಕ್ಕಾಗಿದೆ, ದಿಕ್ಕಿನ ವಿಚಾರದಲ್ಲಷ್ಟೇ ಸಣ್ಣ ಗೊಂದಲ.

ಇದಕ್ಕೆಲ್ಲ ಜನರ ಚಟವನ್ನು ದೂರುವುದು ವಾಡಿಕೆ. ನನಗೆ ಖಜಾನೆಯ ಮೇಲೇ ಗುಮಾನಿ. 2020ರ ಏಪ್ರಿಲ್ 20ರಂದು ನ್ಯೂಯಾರ್ಕ್ ಪೇಟೆಯಲ್ಲಿ ಮುಂಗಡ ವ್ಯಾಪಾರದ ಕಚ್ಚಾ ತೈಲದ ದರ ಸೊನ್ನೆಗಿಂತ ಕೆಳಗಿಳಿಯಿತು. ಒಯ್ದು ಪುಣ್ಯ ಕಟ್ಟಿಕೊಳ್ಳಿ, ಮೇಲೆ ದುಡ್ಡೂ ಕೊಡುತ್ತೇವೆ ಎನ್ನುವ ಸ್ಥಿತಿ. ಎರಡೇ ವಾರ ಕಳೆದು ನಮ್ಮ ಕೇಂದ್ರ ಸರ್ಕಾರ ಲೀಟರ್ ಪೆಟ್ರೋಲ್ ಮೇಲೆ 10 ರೂಪಾಯಿ, ಡೀಸೆಲ್ ಮೇಲೆ 13 ರೂಪಾಯಿ ಸುಂಕ ಏರಿಸಿತು. 2017ರಲ್ಲಿ ಬಂದ ಜಿಎಸ್‌ಟಿ ಪೆಟ್ರೋಲ್, ಡೀಸೆಲ್ ಹತ್ತಿರ ಇವತ್ತಿಗೂ ಸುಳಿದಿಲ್ಲ. ಪಾಲು ಹಂಚಿಕೆಯೆಂದರೆ ಜಗಳಕ್ಕೆ ನಿಲ್ಲುವ ಕೇಂದ್ರ, ರಾಜ್ಯಗಳು, ಯಾವ ಪಕ್ಷದವೇ ಇರಲಿ, ಈ ಒಂದು ವಿಷಯದಲ್ಲಿ ಅಣ್ಣತಮ್ಮಂದಿರು. ಜನ ನಿಜವಾಗಿ ಎಣ್ಣೆ ಬಿಟ್ಟರೆ ಈ ಸಂಸಾರ ನಡೆಯುವುದು ಹೇಗೆ?

ಜಾಗತಿಕ ಮಟ್ಟದಲ್ಲೂ ಗಾಬರಿಯಾಗುವಂಥದ್ದೇನಿಲ್ಲ. 2009ರಲ್ಲಿ ಪಿಟ್ಸ್‌ಬರ್ಗ್‌ನಲ್ಲಿ ಸೇರಿದ ಜಿ20 ನಾಯಕರು ಪಳೆಯುಳಿಕೆ ಇಂಧನದ ದಂಡದ ಸಬ್ಸಿಡಿಗಳನ್ನು 'ಮಧ್ಯಮಾವಧಿ'ಯಲ್ಲಿ ನಿಲ್ಲಿಸುವುದಾಗಿ ಒಪ್ಪಿದ್ದರು. ಅಂತರರಾಷ್ಟ್ರೀಯ ಹಣಕಾಸು ನಿಧಿ (ಐಎಂಎಫ್) ಲೆಕ್ಕದಲ್ಲಿ 2022ರ ನೇರ ಸಬ್ಸಿಡಿಯೇ 1.3 ಲಕ್ಷ ಕೋಟಿ ಡಾಲರ್. ಮಧ್ಯಮಾವಧಿ ಇನ್ನೂ ಮುಗಿದಿಲ್ಲ ಎಂದುಕೊಳ್ಳಬೇಕು. 2023ರ ಹವಾಮಾನ ಶೃಂಗಸಭೆ ದುಬೈಯಲ್ಲಿ ನಡೆದಾಗ ಅಧ್ಯಕ್ಷ ಪೀಠದಲ್ಲಿದ್ದವರು ಆ ದೇಶದ ಸರ್ಕಾರಿ ತೈಲ ಕಂಪನಿಯ ಮುಖ್ಯಸ್ಥರು. ಮರುವರ್ಷ ಅಜರ್‌ಬೈಜಾನ್‌ನ ಬಾಕುವಿನಲ್ಲಿ ಆತಿಥೇಯ ದೇಶದ ಅಧ್ಯಕ್ಷರು ತೈಲ, ಅನಿಲ ದೇವರ ಕೊಡುಗೆ ಎಂದು ವೇದಿಕೆಯಿಂದಲೇ ಹೇಳಿದರು. ಅವರ ಪ್ರಾಮಾಣಿಕತೆ ನನಗೆ ಹಿಡಿಸಿತು.

ಇಷ್ಟಾದರೂ ಕೆಲವು ಹಟಮಾರಿಗಳು ವಿದ್ಯುತ್ ಕಾರು ಕೊಂಡು ಎಣ್ಣೆಯನ್ನು ನಿಜಕ್ಕೂ ಬಿಟ್ಟುಬಿಡುತ್ತಾರೆ. ಅಂಥವರಿಗೂ ಅಮೆರಿಕದಲ್ಲಿ ವ್ಯವಸ್ಥೆಯಾಗಿದೆ. ಬಂಕಿನಲ್ಲಿ ಕಟ್ಟಬೇಕಿದ್ದ ತೆರಿಗೆ ತಪ್ಪಿಹೋಯಿತೆಂದು 30ಕ್ಕೂ ಹೆಚ್ಚು ರಾಜ್ಯಗಳು ಅವರಿಂದ ವಾರ್ಷಿಕ ಶುಲ್ಕ ವಸೂಲು ಮಾಡುತ್ತವೆ. ಬುಷ್ ಅವರ ಟೆಕ್ಸಸ್‌ನಲ್ಲಿ 2023ರಿಂದ ಚಟ ಬಿಟ್ಟ ತಪ್ಪಿಗೆ ದಂಡ ವರ್ಷಕ್ಕೆ 200 ಡಾಲರ್.